ಒಂದು ಗಿಟಾರು, ಒಂದು ಡ್ರಮ್ಮು: ಕಲಬುರಗಿಯಲ್ಲಿ ಬ್ಲೂಸ್ ರಾಕ್ ಕಟ್ಟುವ ಬಗೆ

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1997ರಲ್ಲಿ ಹುಟ್ಟಿದ ‘ದ ವೈಟ್ ಸ್ಟ್ರೈಪ್ಸ್’ ತಂಡದಲ್ಲಿದ್ದವರು ಇಬ್ಬರೇ. ಜ್ಯಾಕ್ ವೈಟ್ ಗಿಟಾರು ನುಡಿಸುತ್ತ ಹಾಡುತ್ತಿದ್ದರು, ಮೆಗ್ ವೈಟ್ ಡ್ರಮ್ ಬಾರಿಸುತ್ತಿದ್ದರು. ನಾಲ್ಕು ವರ್ಷಗಳ ತರುವಾಯ ಓಹಾಯೊ ರಾಜ್ಯದ ಆ್ಯಕ್ರನ್ ಎಂಬ ಟೈರ್ ಕಾರ್ಖಾನೆಗಳ ಊರಿನಲ್ಲಿ ಡ್ಯಾನ್ ಆವರ್‌ಬಾಕ್ ಮತ್ತು ಪ್ಯಾಟ್ರಿಕ್ ಕಾರ್ನಿ ಸೇರಿ ‘ದ ಬ್ಲ್ಯಾಕ್ ಕೀಸ್’ ತಂಡ ಕಟ್ಟಿದಾಗಲೂ ಅಲ್ಲಿದ್ದದ್ದು ಒಂದು ಗಿಟಾರು ಮತ್ತು ಒಂದು ಡ್ರಮ್ ಸೆಟ್ ಮಾತ್ರ. ಅವರ ಮೊದಲ ಆಲ್ಬಂ 2002ರಲ್ಲಿ ಹೊರಬಂದಿತು. ಅದನ್ನು ಧ್ವನಿಮುದ್ರಿಸಿದ್ದು ಕಾರ್ನಿಯ ಮನೆಯ ನೆಲಮಾಳಿಗೆಯಲ್ಲಿ. ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆಯಾದ ಬ್ಲೂಸ್ ಆಧಾರಿತ ರಾಕ್ ಸಂಗೀತ ಈ ಶತಮಾನದಲ್ಲಿ ಮತ್ತೆ ತಲೆಯೆತ್ತಿದ ಕಥೆಯಲ್ಲಿ ಕಲಬುರಗಿಯಂಥ ಊರಿನ ವಾದಕರು ಮೊದಲು ಗಮನಿಸಬೇಕಾದ ಸಂಗತಿ ಇದೇ ಎಂದು ನಾನು ತಿಳಿದಿದ್ದೇನೆ. ನಮ್ಮಲ್ಲಿ ಮಂದ್ರ ಸ್ವರಗಳ ಬೇಸ್ ಗಿಟಾರು ನುಡಿಸುವವರು ಸಿಗುವುದಿಲ್ಲ, ಕೀಬೋರ್ಡಿನವರು ಆರ್ಕೆಸ್ಟ್ರಾಗಳಿಗೆ ಹೋಗಿಬಿಡುತ್ತಾರೆ, ಆದ್ದರಿಂದ ತಂಡ ಕಟ್ಟಲಾಗುವುದಿಲ್ಲ ಎಂಬ ಮಾತನ್ನು ಎಷ್ಟೋ ಹುಡುಗ ಹುಡುಗಿಯರಿಂದ ಕೇಳಿದ್ದೇನೆ. ಇಬ್ಬರಿದ್ದರೆ ಸಾಕು. ಆ ಇಬ್ಬರು ಏನನ್ನು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಕೇಳುವುದು, ಅದೂ ಹಿಮ್ಮುಖವಾಗಿ

ವಾದ್ಯ ಮುಟ್ಟುವ ಮುನ್ನ ಒಂದು ತಿಂಗಳು ಕೇಳುವುದಕ್ಕೆ ಮೀಸಲಿಡಿ. ಇಂದಿನವರಿಂದ ಹೊರಟು ಅವರ ಗುರುಗಳತ್ತ ನಡೆಯಿರಿ. ಜ್ಯಾಕ್ ವೈಟ್ ತಮಗೆ ಅತ್ಯಂತ ಪ್ರಿಯವೆಂದು ಹೇಳಿಕೊಂಡ ಹಾಡು ಮಿಸಿಸಿಪಿಯ ಸನ್ ಹೌಸ್ ಅವರದು. ಅದರಲ್ಲಿ ಕಂಠ ಮತ್ತು ಚಪ್ಪಾಳೆಯ ಹೊರತು ಬೇರೇನೂ ಇಲ್ಲ. ಬ್ಲ್ಯಾಕ್ ಕೀಸ್ ಹಿಂದೆ ಹೋದರೆ ಉತ್ತರ ಮಿಸಿಸಿಪಿಯ ಗುಡ್ಡನಾಡಿನ ಜೂನಿಯರ್ ಕಿಂಬ್ರೋ ಮತ್ತು ಆರ್. ಎಲ್. ಬರ್ನ್‌ಸೈಡ್ ಸಿಗುತ್ತಾರೆ. 2006ರಲ್ಲಿ ಕಿಂಬ್ರೋ ಅವರ ಹಾಡುಗಳನ್ನೇ ಹಾಡಿ ಒಂದು ಧ್ವನಿಮುದ್ರಿಕೆ ತಂದ ಈ ಜೋಡಿ, 2021ರಲ್ಲಿ ಮತ್ತೊಮ್ಮೆ ಅದೇ ನಾಡಿನ ಹಾಡುಗಳಿಗೆ ಮರಳಿತು. ಆಗ ಬರ್ನ್‌ಸೈಡ್ ಜೊತೆ ವರ್ಷಗಟ್ಟಲೆ ನುಡಿಸಿದ್ದ ಕೆನ್ನಿ ಬ್ರೌನ್ ಮತ್ತು ಕಿಂಬ್ರೋ ಜೊತೆ ನುಡಿಸಿದ್ದ ಎರಿಕ್ ಡೀಟನ್ ಅವರನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಿತು. ಹೊಸಬರು ಹಳಬರ ಹಾಡನ್ನು ಹೇಗೆ ಎತ್ತಿಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಮಾದರಿ ನನಗೆ ತೋರುವುದಿಲ್ಲ.

ಟೆಕ್ಸಾಸ್ ರಾಜ್ಯದ ಆಸ್ಟಿನ್‌ನ ಗ್ಯಾರಿ ಕ್ಲಾರ್ಕ್ ಜೂನಿಯರ್, ಲ್ಯಾಪ್ ಸ್ಟೀಲ್ ಎಂಬ, ಅಡ್ಡಲಾಗಿ ಮಲಗಿಸಿ ನುಡಿಸುವ ಗಿಟಾರನ್ನು ಮುಂದಿಟ್ಟುಕೊಂಡ ‘ಲಾರ್ಕಿನ್ ಪೋ’ದ ಸಹೋದರಿಯರು, 2003ರಿಂದ ಶಿಲ್ಲಾಂಗ್‌ನಲ್ಲಿ ಬ್ಲೂಸ್ ನುಡಿಸುತ್ತಿರುವ ‘ಸೋಲ್‌ಮೇಟ್’ ತಂಡ, ಇವರನ್ನೂ ಕೇಳಿ. ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ 1999ರಲ್ಲಿ ಹುಟ್ಟಿದ, ‘ಕಿಂಗ್‌ಫಿಶ್’ ಎಂದು ಹೆಸರಾದ ಕ್ರಿಸ್ಟೋನ್ ಇಂಗ್ರಾಮ್ ಅವರನ್ನಂತೂ ಬಿಡಬೇಡಿ. ಅವರ 2021ರ ಆಲ್ಬಂ ಹೆಸರು ‘662’. ಅದು ಅವರ ಸೀಮೆಯ ದೂರವಾಣಿ ಕೋಡ್. ಕಲಬುರಗಿಯವರು ತಮ್ಮ ಆಲ್ಬಂಗೆ 08472 ಎಂದು ಹೆಸರಿಟ್ಟಂತೆ. ತನ್ನ ಊರನ್ನು ಅಷ್ಟು ಧೈರ್ಯವಾಗಿ ಮುಂದಿಟ್ಟ ಆ ಆಲ್ಬಂಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಗಿಟಾರಿನ ಸಿದ್ಧತೆ

ಗಿಟಾರು ಯಾವುದಾದರೂ ನಡೆಯುತ್ತದೆ. ಅಕೌಸ್ಟಿಕ್ ಇದ್ದರೆ ಅದರ ಬಾಯಿಗೆ ಕೂರಿಸುವ, ತಂತಿಯ ದನಿಯನ್ನು ಆಂಪ್ಲಿಫೈಯರಿಗೆ ಒಯ್ಯುವ ಪಿಕಪ್ ತಂದುಕೊಳ್ಳಿ. ಎಲೆಕ್ಟ್ರಿಕ್ ಇದ್ದರೆ ಇನ್ನೂ ಒಳ್ಳೆಯದು. ದುಬಾರಿ ವಾದ್ಯಕ್ಕಾಗಿ ಹೈದರಾಬಾದಿಗೆ ಓಡುವ ಅಗತ್ಯವಿಲ್ಲ. ಆದರೆ ನಮ್ಮ ಬಿಸಿಲಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ದಾಟುವ ನಾಡಿನಲ್ಲಿ ಗಿಟಾರನ್ನು ನಿಲ್ಲಿಸಿದ ಕಾರಿನೊಳಗೋ ಪತ್ರಾ ಹೊದಿಸಿದ ಕೋಣೆಯಲ್ಲೋ ಬಿಟ್ಟರೆ ಅಂಟು ಸಡಿಲಗೊಂಡು ತಂತಿ ಹಿಡಿದಿರುವ ಬ್ರಿಜ್ಜು ಮೇಲೇಳುತ್ತದೆ. ನುಡಿಸಿದ ಮೇಲೆ ಪ್ರತಿ ಸಲವೂ ಹತ್ತಿಬಟ್ಟೆಯಿಂದ ತಂತಿಗಳನ್ನು ಒರೆಸಿರಿ. ಬೆವರಿನ ಉಪ್ಪು ಅವನ್ನು ಬಹುಬೇಗ ತಿನ್ನುತ್ತದೆ.

ಈಗ ಶ್ರುತಿ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಆರು ತಂತಿಗಳು ದಪ್ಪದಿಂದ ತೆಳುವಿನತ್ತ ಇ, ಎ, ಡಿ, ಜಿ, ಬಿ, ಇ ಎಂದಿರುತ್ತವೆ. ಎಣಿಸುವಾಗ ಮಾತ್ರ ಅತಿ ತೆಳುವಾದದ್ದು ಒಂದನೆಯದು, ಅತಿ ದಪ್ಪನೆಯದು ಆರನೆಯದು. ಇವುಗಳಲ್ಲಿ ಆರನೆಯ ಮತ್ತು ಒಂದನೆಯ ತಂತಿಗಳನ್ನು ಡಿಗೆ, ಮೂರನೆಯದನ್ನು ಎಫ್ ಶಾರ್ಪ್‌ಗೆ, ಎರಡನೆಯದನ್ನು ಎಗೆ ಇಳಿಸಿದರೆ ‘ಓಪನ್ ಡಿ’ ಎಂಬ ಶ್ರುತಿ ಸಿದ್ಧವಾಗುತ್ತದೆ. ಯಾವ ತಂತಿಯನ್ನೂ ಬಿಗಿಗೊಳಿಸಬೇಕಾಗಿಲ್ಲ, ಎಲ್ಲವೂ ಸಡಿಲಿಸುವ ಕೆಲಸವೇ, ಆದ್ದರಿಂದ ತಂತಿ ಹರಿಯುವ ಭಯವಿಲ್ಲ. ಹಾರ್ಮೋನಿಯಂ ಬಲ್ಲವರು ಬಿಳಿ ಎರಡನ್ನು ಷಡ್ಜವೆಂದು ಹಿಡಿದು ಇದನ್ನೇ ಸಾ, ಪಾ, ಸಾ, ಗಾ, ಪಾ, ಸಾ ಎಂದು ಓದಿಕೊಳ್ಳಬಹುದು. ಬಿರಡೆ ತಿರುಗಿಸುವಾಗ ಬೇಕಾದ ಸ್ವರಕ್ಕಿಂತ ತುಸು ಕೆಳಗೆ ಇಳಿಸಿ, ಅಲ್ಲಿಂದ ಮೇಲೇರುತ್ತ ಸ್ವರಕ್ಕೆ ತಂದು ನಿಲ್ಲಿಸಿ; ಮೇಲಿನಿಂದ ಇಳಿಸಿ ನಿಲ್ಲಿಸಿದ ತಂತಿ ಹತ್ತು ನಿಮಿಷದಲ್ಲಿ ಮತ್ತೆ ಜಾರುತ್ತದೆ. ಆರೂ ತಂತಿಗಳನ್ನು ಒಮ್ಮೆ ಮೀಟಿದಾಗ ತಂಬೂರಿಯ ಮುಂದೆ ಕುಳಿತಂಥ ಭಾವ ಬಂದರೆ ಶ್ರುತಿ ಸರಿಯಾಗಿದೆ ಎಂದು ತಿಳಿಯಿರಿ.

ಈ ಶ್ರುತಿಯ ಮೇಲೆ ಸ್ಲೈಡ್ ಆಡಿಸಬೇಕು. ಸ್ಲೈಡ್ ಎಂದರೆ ಬೆರಳಿಗೆ ತೊಡಿಸಿಕೊಂಡು ತಂತಿಯ ಮೇಲೆ ಜಾರಿಸುವ ಗಾಜಿನ ಅಥವಾ ಲೋಹದ ಕೊಳವೆ. ಅಮೆರಿಕದ ಸ್ಲೈಡ್ ವಾದಕ ಡ್ವೇನ್ ಆಲ್ಮನ್ ಔಷಧದ ಸಣ್ಣ ಗಾಜಿನ ಸೀಸೆಯನ್ನೇ ಸ್ಲೈಡ್ ಮಾಡಿಕೊಂಡಿದ್ದರು. ನಾನು ಬಳಸುವುದು ಮೆಕ್ಯಾನಿಕ್‌ಗಳ ಉದ್ದನೆಯ ಸಾಕೆಟ್ ಪಾನಾ. ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು, ಕಿರುಬೆರಳಿಗೆ ಒಂದೊಂದನ್ನೇ ತೊಡಿಸಿ ನೋಡಿ, ಬಿಗಿಯಾಗಿಯೂ ಕೂರದೆ ಕೈ ಕೆಳಗೆ ಮಾಡಿದರೆ ಬೀಳದೆಯೂ ಇರುವುದನ್ನು ಆರಿಸಿಕೊಂಡೆ. ಸ್ಲೈಡನ್ನು ಕಿರುಬೆರಳಿಗೆ ತೊಟ್ಟರೆ ಉಳಿದ ಮೂರು ಬೆರಳುಗಳು ಬಿಡುವಾಗಿರುತ್ತವೆ, ಅವುಗಳಿಂದ ಸ್ಲೈಡಿನ ಹಿಂದಿನ ತಂತಿಗಳನ್ನು ಮೆಲ್ಲಗೆ ಮುಚ್ಚಿ ಗಲಗಲ ಸದ್ದನ್ನು ತಡೆಯಬಹುದು. ತಂತಿಯನ್ನು ಒತ್ತಬಾರದು, ಮುಟ್ಟಬೇಕಷ್ಟೆ. ಸ್ಲೈಡ್ ನಿಲ್ಲಬೇಕಾದದ್ದು ಫ್ರೆಟ್ಟಿನ, ಅಂದರೆ ಗಿಟಾರಿನ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಸರಿಗೆಯ, ನೇರ ಮೇಲೆ. ಬೆರಳಿನಿಂದ ನುಡಿಸುವಾಗ ನಾವು ಸರಿಗೆಯ ಹಿಂದೆ ಒತ್ತುತ್ತೇವೆ, ಅದೇ ಅಭ್ಯಾಸದಿಂದ ಇಲ್ಲಿಯೂ ಹಿಂದೆ ನಿಂತರೆ ಸ್ವರ ಸದಾ ಇಳಿದೇ ಕೇಳುತ್ತದೆ. ಬಿಟ್ಟ ತಂತಿಗಳು ಷಡ್ಜ, ಐದನೆಯ ಫ್ರೆಟ್ ಮಧ್ಯಮ, ಏಳನೆಯದು ಪಂಚಮ, ಹನ್ನೆರಡನೆಯದು ತಾರ ಷಡ್ಜ. ಈ ನಾಲ್ಕು ನಿಲ್ದಾಣಗಳ ನಡುವೆ ಜಾರುವುದನ್ನು ಕಲಿತರೆ ಅರ್ಧ ಬ್ಲೂಸ್ ಕೈಗೆ ಬಂದಂತೆ. ಈ ಕಾಲದ ಶ್ರೇಷ್ಠ ಸ್ಲೈಡ್ ವಾದಕರಲ್ಲಿ ಒಬ್ಬರಾದ ಡೆರೆಕ್ ಟ್ರಕ್ಸ್ ತಮ್ಮ ವಾದನಕ್ಕೆ ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಸರೋದ್‌ನಿಂದ ಪ್ರೇರಣೆ ಪಡೆದವರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಎಂಬುದನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಸ್ಲೈಡ್ ಹೊಸದಲ್ಲ.

ಗಾಂಧಾರದ ಗುಟ್ಟು

ಬ್ಲೂಸ್ ರಾಕ್‌ನ ಬಹುಪಾಲು ಸ್ವರಪ್ರಸ್ತಾರ ಐದು ಸ್ವರಗಳ ಮೇಲೆ ನಿಂತಿದೆ: ಸಾ, ಕೋಮಲ ಗಾ, ಮಾ, ಪಾ, ಕೋಮಲ ನಿ. ಹಿಂದುಸ್ತಾನಿ ಬಲ್ಲವರು ಇದನ್ನು ಧಾನಿ ರಾಗದ ಸ್ವರಗಳೆಂದು ಕೂಡಲೇ ಗುರುತಿಸುತ್ತಾರೆ. ಗಿಟಾರಿನ ಪಾಠಗಳು ಇಲ್ಲಿಗೇ ನಿಂತುಬಿಡುತ್ತವೆ, ಕಲಿತವರು ಐದು ಸ್ವರಗಳನ್ನು ಏಣಿಯಂತೆ ಹತ್ತಿ ಇಳಿಯುತ್ತಾರೆ, ಅದರಲ್ಲಿ ಬ್ಲೂಸ್ ಇರುವುದಿಲ್ಲ. ಕಾರಣ ಗಾಂಧಾರ. ಕೆಳಗೆ ನುಡಿಯುವ ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪಿನಲ್ಲಿ, ಶುದ್ಧ ಗಾಂಧಾರವಿರುತ್ತದೆ, ಮೇಲೆ ಹಾಡುವ ಕಂಠದಲ್ಲಿ ಕೋಮಲ ಗಾಂಧಾರವಿರುತ್ತದೆ. ಎರಡರ ತಿಕ್ಕಾಟವೇ ಈ ಸಂಗೀತದ ಜೀವ. ಎರಡೂ ಗಾಂಧಾರಗಳಿಗೆ ಜಾಗ ಕೊಡುವ ಜೋಗ್ ರಾಗವನ್ನು ಕೇಳಿದವರಿಗೆ ಈ ಮಾತು ಧಾನಿಗಿಂತ ಬೇಗ ಮನದಟ್ಟಾಗುತ್ತದೆ.

ಇದನ್ನು ಕೈಯಲ್ಲಿ ತರುವುದು ಹೀಗೆ. ಸಾಮಾನ್ಯ ಶ್ರುತಿಯಲ್ಲಿ, ಎ ಸ್ವರವನ್ನು ಷಡ್ಜವೆಂದಿಟ್ಟುಕೊಂಡು, ಮೂರನೆಯ ತಂತಿಯ ಐದನೆಯ ಫ್ರೆಟ್ಟಿನ ಮೇಲೆ ತೋರುಬೆರಳಿಡಿ. ಅದು ಕೋಮಲ ಗಾಂಧಾರ. ತಂತಿಯನ್ನು ಮೀಟಿ, ಬೆರಳನ್ನು ನೆಲದತ್ತ ಕೂದಲೆಳೆಯಷ್ಟು ಎಳೆಯಿರಿ. ಸ್ವರ ಮೇಲೇರುತ್ತದೆ, ಆದರೆ ಶುದ್ಧ ಗಾಂಧಾರವನ್ನು ಮುಟ್ಟಬಾರದು; ಎರಡರ ನಡುವೆ ಯಾವ ಹಾರ್ಮೋನಿಯಂ ಮನೆಯಲ್ಲಿಯೂ ಇಲ್ಲದ ಒಂದು ತಾಣವಿದೆ, ಅಲ್ಲಿ ಅರೆಕ್ಷಣ ನಿಂತು ಹಿಂದಿರುಗಬೇಕು. ದಿನಕ್ಕೆ ಕಾಲು ಗಂಟೆ ಇದೊಂದನ್ನೇ ಮಾಡಿ. ಮೊದಲ ವಾರ ಬೆರಳಿನ ತುದಿ ಉರಿಯುತ್ತದೆ, ಮೂರನೆಯ ವಾರಕ್ಕೆ ಆ ತಾಣ ತಾನಾಗಿ ಸಿಗತೊಡಗುತ್ತದೆ.

ಹನ್ನೆರಡರ ಚೌಕಟ್ಟು ಮತ್ತು ಒಂದರ ಹಿಡಿತ

ನಾಲ್ಕು ಎಣಿಕೆಯ ಒಂದು ಆವರ್ತನಕ್ಕೆ ಬಾರ್ ಎನ್ನುತ್ತಾರೆ. ಬ್ಲೂಸ್‌ನ ರೂಢಿಯ ಚೌಕಟ್ಟು ಹನ್ನೆರಡು ಬಾರ್‌ಗಳದು. ಎ ಷಡ್ಜವಾದರೆ ಮೊದಲ ನಾಲ್ಕು ಬಾರ್ ಎ-ಸೆವೆನ್ ಎಂಬ ಕಾರ್ಡ್, ಆಮೇಲೆ ಎರಡು ಡಿ-ಸೆವೆನ್, ಮತ್ತೆ ಎರಡು ಎ-ಸೆವೆನ್, ಒಂದು ಇ-ಸೆವೆನ್, ಒಂದು ಡಿ-ಸೆವೆನ್, ಕೊನೆಗೆ ಎರಡು ಎ-ಸೆವೆನ್. ಡ್ರಮ್ ಬಾರಿಸುವವರು ಒಂದು ಮತ್ತು ಮೂರನೆಯ ಎಣಿಕೆಗೆ ಕಾಲಿನ ದೊಡ್ಡ ಡ್ರಮ್, ಎರಡು ಮತ್ತು ನಾಲ್ಕಕ್ಕೆ ಸ್ನೇರ್ ಎಂಬ ಚಿಕ್ಕ ಡ್ರಮ್ ಹೊಡೆಯಬೇಕು. ನಮ್ಮ ಭಜನೆಗಳಲ್ಲಿ ಚಪ್ಪಾಳೆ ಒಂದನೆಯ ಎಣಿಕೆಗೆ ಬೀಳುವುದರಿಂದ ಎರಡು ಮತ್ತು ನಾಲ್ಕರ ಒತ್ತು ಕೈಗೆ ಹತ್ತಲು ದಿನಗಳು ಹಿಡಿಯುತ್ತವೆ. ನಡೆಯುವಾಗ ಎಡಗಾಲಿಗೆ ಮೌನ, ಬಲಗಾಲಿಗೆ ಚಪ್ಪಾಳೆ ಎಂದು ಅಭ್ಯಾಸ ಮಾಡಿದರೆ ಬೇಗ ಬರುತ್ತದೆ. ಶಫಲ್ ಎಂಬ ತೂಗುವ ನಡೆ ಬೇಕಾದಾಗ ಪ್ರತಿ ಎಣಿಕೆಯನ್ನೂ ‘ತಕಿಟ’ ಎಂದು ಮೂರಾಗಿ ಒಡೆದು, ‘ಕಿ’ಯನ್ನು ನುಂಗಿ, ‘ತ’ ಮತ್ತು ‘ಟ’ ಮಾತ್ರ ನುಡಿಸಿರಿ. ಡ್ರಮ್ ಸೆಟ್ ಇಲ್ಲದಿದ್ದರೆ ಮೇಲೆ ಕುಳಿತು ಕೈಯಿಂದ ಬಾರಿಸುವ ಕಹೋನ್ ಎಂಬ ಮರದ ಪೆಟ್ಟಿಗೆ ಸಾಕು. ಹಲಗೆ ಬಾರಿಸುವ ಗೆಳೆಯರಿದ್ದರೆ ಅವರನ್ನೇ ಕೂರಿಸಿಕೊಳ್ಳಿ; ಆ ಕೈಗಳಲ್ಲಿರುವ ಕಸುವು ಕ್ಲಾಸಿನಲ್ಲಿ ಕಲಿತವರಲ್ಲಿ ಸುಲಭಕ್ಕೆ ಕಾಣುವುದಿಲ್ಲ.

ಹನ್ನೆರಡರ ಚೌಕಟ್ಟಿಗಿಂತ ನನಗೆ ಹೆಚ್ಚು ಪ್ರಿಯವಾದದ್ದು, ಇಬ್ಬರ ತಂಡಕ್ಕೆ ಹೆಚ್ಚು ಒಪ್ಪುವುದೂ ಆದದ್ದು, ಕಿಂಬ್ರೋ ಮತ್ತು ಬರ್ನ್‌ಸೈಡ್ ಅವರ ಗುಡ್ಡನಾಡಿನ ಬಗೆ. ಅಲ್ಲಿ ಕಾರ್ಡ್ ಬದಲಾಗುವುದೇ ಅಪರೂಪ. ಒಂದೇ ಷಡ್ಜದ ಮೇಲೆ ಒಂದು ಸಣ್ಣ ಸ್ವರಪುಂಜ ಹಿಟ್ಟಿನ ಗಿರಣಿಯ ಬೆಲ್ಟಿನಂತೆ ತಿರುಗುತ್ತಲೇ ಇರುತ್ತದೆ, ಕಂಠ ಅದರ ಮೇಲೆ ಬಂದು ಹೋಗುತ್ತದೆ. ಕಲಬುರಗಿ ಮತ್ತು ಯಾದಗಿರಿಯ ಹಳ್ಳಿಗಳಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಮತ್ತು ದಮ್ಮಡಿಯೊಂದಿಗೆ ರಾತ್ರಿಯಿಡೀ ಹಾಡುವುದನ್ನು ಕೇಳಿದವರಿಗೆ ಒಂದೇ ತಂತಿಯ ಈ ಹಿಡಿತ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಒಂದೇ ಮೂಲದವು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಸ್ವರದ ಮೇಲೆ ಬಹಳ ಹೊತ್ತು ನಿಂತು ಕೇಳುಗರನ್ನು ಹಿಡಿದಿಡುವ ವಿದ್ಯೆ ನಮ್ಮ ಸುತ್ತಲೇ ಇದೆ, ಅದನ್ನು ಕಲಿಯಲು ಆ ಮೇಳಗಳಲ್ಲಿ ಹೋಗಿ ಕೂರಬೇಕು. ಒಂದು ತತ್ವಪದವನ್ನು ಎತ್ತಿಕೊಂಡು ಅದಕ್ಕೆ ಕರ್ಕಶ ಗಿಟಾರು ಹೊದಿಸಿ ‘ಫ್ಯೂಶನ್’ ಎಂದು ಕರೆಯುವುದನ್ನು ದಯವಿಟ್ಟು ಮಾಡಬೇಡಿ. ಹಾಡಬೇಕೆನ್ನಿಸಿದರೆ ಹಾಡುವ ಹಿರಿಯರನ್ನು ಕೇಳಿ, ಅವರನ್ನೇ ಜೊತೆಗೆ ಕೂರಿಸಿಕೊಳ್ಳಿ, ಸಂಭಾವನೆ ಕೊಡಿ.

ಬೇಸ್ ಇಲ್ಲದ ಕೊರತೆಯನ್ನು ಹೆಬ್ಬೆರಳು ತುಂಬಬೇಕು. ಓಪನ್ ಡಿ ಶ್ರುತಿಯಲ್ಲಿ ಆರನೆಯ ತಂತಿಯೇ ಮಂದ್ರ ಷಡ್ಜವಾಗಿರುವುದರಿಂದ ಹೆಬ್ಬೆರಳು ಅದನ್ನು ಪ್ರತಿ ಎಣಿಕೆಗೂ ಮೀಟುತ್ತಿರಲಿ. 2003ರ ‘ಸೆವೆನ್ ನೇಶನ್ ಆರ್ಮಿ’ ಹಾಡಿನ ಆರಂಭದಲ್ಲಿ ಎಲ್ಲರೂ ಬೇಸ್ ಎಂದು ತಿಳಿಯುವುದು ವಾಸ್ತವದಲ್ಲಿ ಗಿಟಾರು. ಜ್ಯಾಕ್ ವೈಟ್ ಪೆಡಲ್‌ನಿಂದ, ಅಂದರೆ ಕಾಲಿನಿಂದ ಒತ್ತಿ ಗಿಟಾರಿನ ದನಿ ಬದಲಿಸುವ ಪೆಟ್ಟಿಗೆಯಿಂದ, ಅದನ್ನು ಒಂದು ಸಪ್ತಕ ಕೆಳಗಿಳಿಸಿದ್ದರು. ಅಂಥ ಆಕ್ಟೇವ್ ಪೆಡಲ್ ಒಂದು, ದನಿಯನ್ನು ಒರಟುಗೊಳಿಸುವ ಫಜ್ ಪೆಡಲ್ ಒಂದು, ಇವೆರಡಕ್ಕಿಂತ ಹೆಚ್ಚಿನದನ್ನು ಮೊದಲ ವರ್ಷ ಕೊಳ್ಳಬೇಡಿ.

ಮಾತು ನಮ್ಮದಾಗಲಿ

ಬ್ಲೂಸ್ ಪದ್ಯದ ಕಟ್ಟು ಸರಳ. ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೆ ಉತ್ತರ ಕೊಡುವ ಮೂರನೆಯ ಸಾಲು. ಪ್ರತಿ ಸಾಲಿಗೂ ನಾಲ್ಕು ಬಾರ್ ಸಿಗುತ್ತವೆ. ಕಂಠ ಮೊದಲ ಎರಡರಲ್ಲಿ ಮಾತು ಮುಗಿಸಬೇಕು, ಉಳಿದ ಎರಡರಲ್ಲಿ ಗಿಟಾರು ಮಾತನಾಡಬೇಕು. ಕನ್ನಡದಲ್ಲಿ ಬರೆಯುವವರು ಸಾಲನ್ನು ಉದ್ದ ಮಾಡಿ ಗಿಟಾರಿನ ಜಾಗವನ್ನೂ ತಾವೇ ಆಕ್ರಮಿಸುತ್ತಾರೆ, ಅದನ್ನು ತಪ್ಪಿಸಿರಿ. ಇಂಗ್ಲಿಷ್ ಹಾಡಿನ ಅನುವಾದವನ್ನೂ, ಗ್ರಂಥಸ್ಥ ಕನ್ನಡವನ್ನೂ ಬಿಟ್ಟು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ನಮ್ಮ ಆಡುಮಾತಿನ ‘ಹೊಂಟೀನಿ’, ‘ಹೇಳಲಿ’, ‘ಹೊಲದಾಗ’ ಎಂಬಂಥ ಪದಗಳಲ್ಲಿರುವ ದೀರ್ಘಗಳು ತಂತಿ ಎಳೆದಂತೆ ಎಳೆಯಲು ಹೇಳಿ ಮಾಡಿಸಿದಂತಿವೆ. ಉದಾಹರಣೆಗೆ ನಾನು ಬರೆದುಕೊಂಡ ಒಂದು ಪದ್ಯ ಹೀಗಿದೆ:

ಬಾಗಿಲಿಗಿ ಕೀಲಿ ಹಾಕೀನಿ, ರೈಲು ಹತ್ತಿ ಹೊಂಟೀನಿ,
ಬಾಗಿಲಿಗಿ ಕೀಲಿ ಹಾಕೀನಿ, ರೈಲು ಹತ್ತಿ ಹೊಂಟೀನಿ,
ತೊಗರಿ ಒಣಗ್ಯಾದ ಹೊಲದಾಗ, ಯಾರಿಗಿ ಏನಂತ ಹೇಳಲಿ.

ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪಿಯ ಹತ್ತಿ ಹೊಲಗಳನ್ನು ಬಿಟ್ಟು ಶಿಕಾಗೊ ಸೇರಿದರು. ಆ ನಗರದ ಗದ್ದಲದಲ್ಲಿ ಕೇಳಿಸಬೇಕೆಂದೇ ಅವರ ಗಿಟಾರಿಗೆ ವಿದ್ಯುತ್ ಬಂದಿತು, ರಾಕ್ ಸಂಗೀತದ ಬೇರು ಅಲ್ಲಿದೆ. ಬೇಸಿಗೆಯಲ್ಲಿ ಯಾದಗಿರಿ ನಿಲ್ದಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಬರುವ ಹೊತ್ತಿಗೆ ಗಂಟುಮೂಟೆಗಳ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಗುಳೆ ಹೊರಟ ಕುಟುಂಬಗಳನ್ನು ಕಂಡವರು, ಹಾಡಿಗೆ ವಸ್ತು ಏನೆಂದು ಬೇರೆಲ್ಲೂ ಹುಡುಕಬೇಕಾಗಿಲ್ಲ. ಆದರೆ ಕಂಡದ್ದನ್ನಷ್ಟೇ ಬರೆಯಿರಿ, ಇನ್ನೊಬ್ಬರ ಕಷ್ಟವನ್ನು ಅಲಂಕಾರಕ್ಕೆ ಬಳಸಬೇಡಿ.

ವಿದ್ಯುತ್ತಿನ ವಿಷಯದಲ್ಲಿ ಅಲಕ್ಷ್ಯ ಬೇಡ

ಬ್ಲೂಸ್ ರಾಕ್‌ನ ಒರಟು ದನಿ ಹುಟ್ಟುವುದು ಆಂಪ್ಲಿಫೈಯರನ್ನು ಅದರ ಶಕ್ತಿಯ ಅಂಚಿಗೆ ಒಯ್ದಾಗ. ಅಲೆಯ ತಲೆ ಮತ್ತು ಬುಡ ಕತ್ತರಿಸಿದಂತಾಗಿ ಸ್ವರಕ್ಕೆ ಅಂಚು ಬರುತ್ತದೆ. ಆದ್ದರಿಂದ ದೊಡ್ಡ ಆಂಪನ್ನು ಮೆಲ್ಲಗೆ ನುಡಿಸುವುದಕ್ಕಿಂತ ಚಿಕ್ಕ ಆಂಪನ್ನು ಪೂರ್ಣ ತೆರೆಯುವುದು ಲೇಸು.

ಕೆಲವು ವರ್ಷಗಳ ಹಿಂದೆ ಒಂದು ಗಣೇಶೋತ್ಸವದ ಪೆಂಡಾಲಿನಲ್ಲಿ ನಾನು ಗಿಟಾರು ಹಿಡಿದು ಮೈಕಿನ ಬಳಿ ಬಾಯಿ ಒಯ್ದಾಗ ತುಟಿಗೆ ಕರೆಂಟ್ ಹೊಡೆದು ಹಿಂದಕ್ಕೆ ಬಿದ್ದೆ. ಆಂಪಿಗೆ ಕೊಟ್ಟಿದ್ದ ಎಕ್ಸ್‌ಟೆನ್ಶನ್ ಬೋರ್ಡಿನ ಪ್ಲಗ್ಗಿನಲ್ಲಿ ಅರ್ಥಿಂಗ್‌ನ ಮೂರನೆಯ ಪಿನ್ನನ್ನು ಯಾರೋ ಮುರಿದು ತೆಗೆದಿದ್ದರು. ಮೈಕು ಬೇರೊಂದು ಲೈನಿನಲ್ಲಿತ್ತು. ಕೈ ತಂತಿಯ ಮೇಲೆ, ತುಟಿ ಮೈಕಿನ ಜಾಳಿಗೆಯ ಮೇಲೆ, ನಡುವೆ ದಾರಿಯಾದದ್ದು ನನ್ನ ದೇಹ. ಅಂದಿನಿಂದ ಟೆಸ್ಟರ್ ಇಲ್ಲದೆ ವೇದಿಕೆ ಹತ್ತಿಲ್ಲ. ಆಂಪಿನ ಲೋಹದ ಭಾಗಕ್ಕೂ ಮೈಕಿನ ಜಾಳಿಗೆಗೂ ಗಿಟಾರಿನ ತಂತಿಗೂ ಟೆಸ್ಟರ್ ಮುಟ್ಟಿಸಿ ನೋಡಿರಿ, ದೀಪ ಹತ್ತಿದರೆ ನುಡಿಸಬೇಡಿ. ಆಂಪು ಮತ್ತು ಮೈಕಿನ ಮಿಕ್ಸರ್ ಎರಡಕ್ಕೂ ಸರಿಯಾದ ಅರ್ಥಿಂಗ್ ಇರುವ ಒಂದೇ ಕಡೆಯಿಂದ ಲೈನ್ ಕೊಡಿಸಿ, ಮೈಕಿಗೆ ಸ್ಪಂಜಿನ ಟೊಪ್ಪಿಗೆ ಹಾಕಿ. ಸಂಘಟಕರು ಅವಸರ ಮಾಡಿದರೂ ಈ ಐದು ನಿಮಿಷಗಳನ್ನು ಬಿಟ್ಟುಕೊಡಬೇಡಿ.

ಮುದ್ರಣ, ಮತ್ತು ಹಾಡು ಮುಗಿಸುವುದು

ಬ್ಲ್ಯಾಕ್ ಕೀಸ್ ಮುದ್ರಿಸಿದ್ದು ನೆಲಮಾಳಿಗೆಯಲ್ಲಿ, ನಮ್ಮಲ್ಲಿರುವುದು ಶಹಾಬಾದ್ ಕಲ್ಲಿನ ಫರಸಿ ಹಾಕಿದ ಕೋಣೆ. ಕಲ್ಲಿನ ನೆಲ, ಬರಿಯ ಗೋಡೆ ಸೇರಿದರೆ ಸ್ನೇರ್ ಡ್ರಮ್ಮಿನ ಸದ್ದು ಸೀಳಿಕೊಂಡು ಮರುಕಳಿಸುತ್ತದೆ. ನೆಲಕ್ಕೆ ಜಮಖಾನೆ ಹಾಸಿ, ಡ್ರಮ್ಮಿನ ಹಿಂದಿನ ಗೋಡೆಗೆ ಎರಡು ದಪ್ಪ ಕೌದಿಗಳನ್ನು ತೂಗುಹಾಕಿದರೆ ಕೋಣೆ ಪಳಗುತ್ತದೆ. ಒಂದು ಮೈಕು ಡ್ರಮ್ಮಿನಿಂದ ಒಂದು ಮೀಟರ್ ದೂರದಲ್ಲಿ, ಇನ್ನೊಂದು ಆಂಪಿನ ಸ್ಪೀಕರಿಗೆ ಗೇಣಿನಷ್ಟು ಹತ್ತಿರದಲ್ಲಿ ಇರಲಿ. ಕಂಠವನ್ನು ಆಮೇಲೆ ಸೇರಿಸಬಹುದು. ಇಬ್ಬರೂ ಒಟ್ಟಿಗೆ, ಒಬ್ಬರ ಮುಖ ಒಬ್ಬರು ನೋಡುತ್ತ, ಲಯ ಎಣಿಸುವ ಮೆಟ್ರೊನೋಮ್ ಯಂತ್ರವಿಲ್ಲದೆ ನುಡಿಸಿರಿ. ಹಾಡಿನ ನಡುವೆ ಲಯ ತುಸು ಏರಿದರೆ ಏರಲಿ. ಮೂರು ಸಲ ನುಡಿಸಿ, ಮೂರರಲ್ಲಿ ಒಂದನ್ನು ಉಳಿಸಿಕೊಳ್ಳಿ, ಚೂರುಗಳನ್ನು ಕತ್ತರಿಸಿ ಜೋಡಿಸಲು ಹೋಗಬೇಡಿ.

ಹೊಸ ತಂಡಗಳು ವೇದಿಕೆಯ ಮೇಲೆ ಎಡವುವುದು ಸಾಮಾನ್ಯವಾಗಿ ಹಾಡನ್ನು ಮುಗಿಸುವಲ್ಲಿ. ಚೌಕಟ್ಟು ಸುತ್ತುತ್ತಲೇ ಇರುವುದರಿಂದ ಯಾರು ಎಲ್ಲಿ ನಿಲ್ಲಬೇಕೆಂಬುದು ತಿಳಿಯದೆ ಒಬ್ಬರು ನಿಂತು ಇನ್ನೊಬ್ಬರು ಮುಂದುವರಿಯುತ್ತಾರೆ. ಕೊನೆಯ ಸುತ್ತು ಬಂದಾಗ ಗಿಟಾರು ಹಿಡಿದವರು ಒಂಬತ್ತನೆಯ ಬಾರ್‌ನಲ್ಲಿ, ಅಂದರೆ ಇ-ಸೆವೆನ್ ಹಿಡಿಯುವಾಗ, ಗಿಟಾರಿನ ಕತ್ತನ್ನು ಮೇಲೆತ್ತಿ ಡ್ರಮ್ಮಿನವರಿಗೆ ತೋರಿಸಬೇಕು. ಹನ್ನೊಂದನೆಯ ಬಾರ್‌ನ ಮೊದಲ ಎಣಿಕೆಗೆ ಇಬ್ಬರೂ ಒಟ್ಟಿಗೆ ಹೊಡೆದು ನಿಲ್ಲಬೇಕು. ಆ ಮೌನದಲ್ಲಿ ಕಂಠವೊಂದೇ ಕೊನೆಯ ಮಾತನ್ನು ಹಾಡಲಿ. ಹನ್ನೆರಡನೆಯ ಬಾರ್‌ಗೆ ಗಿಟಾರು ಒಂದು ಎ-ಸೆವೆನ್ ಮೀಟಿ ಬಿಡಲಿ, ಡ್ರಮ್ಮಿನವರು ತಾಳದ ತಟ್ಟೆಯನ್ನು ಒಮ್ಮೆ ಹೊಡೆದು ಕೈಯಿಂದ ಹಿಡಿದು ನಿಲ್ಲಿಸಲಿ.